ಮೈಕ್ರಾನಿಗೆ ಹತ್ತೇ ವೋಲ್ಟ್! ತೆಳು ಪದರದಿಂದ ಎಲೆಕ್ಟ್ರಾನ್ ಹೊರಬರುವುದು ಹೇಗೆ?

ಪ್ರಶ್ನೆ: ಸರ್, ನಾನು ಶಿವಮೊಗ್ಗದಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಎರಡನೇ ವರ್ಷ ಓದುತ್ತಿದ್ದೇನೆ. ಊರು ತೀರ್ಥಹಳ್ಳಿ ಹತ್ತಿರ. ಕಾರ್ಬನ್ ತೆಳು ಪದರಗಳಿಂದ ಎಲೆಕ್ಟ್ರಾನ್ ಉತ್ಸರ್ಜನೆ ನನ್ನ ಪ್ರಾಜೆಕ್ಟ್ ವಿಷಯ. ಪುಸ್ತಕದಲ್ಲಿರುವ ಫೌಲರ್–ನಾರ್ಡ್‌ಹೈಮ್ ಸೂತ್ರದ ಪ್ರಕಾರ ತಣ್ಣಗಿನ ಮೇಲ್ಮೈಯಿಂದ ಎಲೆಕ್ಟ್ರಾನ್ ಕಿತ್ತು ತೆಗೆಯಲು ಮೈಕ್ರಾನಿಗೆ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ) ಸಾವಿರಾರು ವೋಲ್ಟ್ ಬೇಕು. ಆದರೆ ಕಾರ್ಬನ್ ಫಿಲ್ಮುಗಳ ಬಗ್ಗೆ ಓದಿದಲ್ಲೆಲ್ಲ ಮೈಕ್ರಾನಿಗೆ 10–20 ವೋಲ್ಟ್ ಸಾಕು ಎಂದಿದೆ. ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು ಥಿಯರಿ. ಎಲ್ಲರ ಗ್ರಾಫೂ ನೇರ ಗೆರೆಯೇ! ಯಾವುದನ್ನು ನಂಬಲಿ? ವೈವಾದಲ್ಲಿ ಏನು ಹೇಳಲಿ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಮಾತು ಬರೆದಿದ್ದೀರಿ, 'ಎಲ್ಲರ ಗ್ರಾಫೂ ನೇರ ಗೆರೆಯೇ' ಅಂತ. ಅರ್ಧ ಉತ್ತರ ಅಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪುಸ್ತಕದ ಲೆಕ್ಕ ನೋಡೋಣ, ಯಾಕೆಂದರೆ ಪುಸ್ತಕ ತಪ್ಪು ಹೇಳಿಲ್ಲ.

ಲೋಹದೊಳಗಿನ ಎಲೆಕ್ಟ್ರಾನಿಗೆ ಹೊರಬರಲು ಒಂದು ಗುಡ್ಡ ಅಡ್ಡ ಇರುತ್ತದೆ. ಅದರ ಎತ್ತರವೇ ವರ್ಕ್ ಫಂಕ್ಷನ್. ಟಂಗ್‌ಸ್ಟನ್ನಿಗೆ ಸುಮಾರು 4.5 ಎಲೆಕ್ಟ್ರಾನ್ ವೋಲ್ಟ್ (ಎಲೆಕ್ಟ್ರಾನಿನ ಶಕ್ತಿ ಅಳೆಯುವ ಮಾನ). ಲೋಹವನ್ನು ಕೆಂಪಗೆ ಕಾಯಿಸಿದರೆ ಕೆಲವು ಎಲೆಕ್ಟ್ರಾನುಗಳು ಗುಡ್ಡ ಹತ್ತಿ ಇಳಿಯುತ್ತವೆ. ಹಳೇ ಟಿವಿ ಟ್ಯೂಬಿನಲ್ಲಿ ಆಗುತ್ತಿದ್ದದ್ದು ಇದೇ. ಕಾಯಿಸದೆ, ಹೊರಗಿನಿಂದ ಬಲವಾದ ವಿದ್ಯುತ್ ಕ್ಷೇತ್ರ ಕೊಟ್ಟರೆ ಬೇರೆಯೇ ನಡೆಯುತ್ತದೆ. ನಿಮ್ಮೂರಿನ ಕಡೆಯಿಂದ ಆಗುಂಬೆಗೆ ಹೋಗಿ ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಂತಿರುತ್ತೀರಲ್ಲ? ಆಚೆ ಸೋಮೇಶ್ವರದ ಕಡೆಗೆ ನೆಲ ಒಮ್ಮೆಲೇ ಕುಸಿಯುತ್ತದೆ. ಕ್ಷೇತ್ರ ಮಾಡುವ ಕೆಲಸ ಹಾಗೆಯೇ. ಗುಡ್ಡದ ಆಚೆ ಬದಿಯನ್ನು ಕಡಿದು ಇಳಿಜಾರು ಮಾಡುತ್ತದೆ. ಕ್ಷೇತ್ರ ಜಾಸ್ತಿಯಾದಷ್ಟೂ ಇಳಿಜಾರು ಕಡಿದಾಗುತ್ತದೆ, ಗುಡ್ಡ ತೆಳ್ಳಗಾಗುತ್ತದೆ. ಒಂದು ನ್ಯಾನೋಮೀಟರಿನಷ್ಟು (ಮೈಕ್ರಾನಿನ ಸಾವಿರದಲ್ಲೊಂದು ಭಾಗ) ತೆಳ್ಳಗಾದರೆ ಎಲೆಕ್ಟ್ರಾನ್ ಹತ್ತುವ ಗೋಜಿಗೇ ಹೋಗದೆ ಗೋಡೆಯೊಳಗಿಂದಲೇ ಆಚೆ ಬರುತ್ತದೆ. ಇದು ಟನೆಲಿಂಗ್. ಹೀಗೆ ಕ್ಷೇತ್ರದ ಬಲದಿಂದ ಎಲೆಕ್ಟ್ರಾನ್ ಹೊರಬರುವುದೇ ಫೀಲ್ಡ್ ಎಮಿಷನ್.

1928ರಲ್ಲಿ ಮಿಲಿಕನ್ ಮತ್ತು ಲಾರಿಟ್ಸನ್ ಅಮೆರಿಕದಲ್ಲಿ ಅಳತೆ ಮಾಡಿ, ಕರೆಂಟಿನ ಲಾಗರಿದಮ್ಮನ್ನು ವೋಲ್ಟೇಜಿನ ವಿಲೋಮದ ಎದುರು ಗೀಚಿದರೆ ನೇರ ಗೆರೆ ಬರುತ್ತದೆ ಎಂದು ತೋರಿಸಿದರು. ಅದೇ ವರ್ಷ ಫೌಲರ್ ಮತ್ತು ನಾರ್ಡ್‌ಹೈಮ್ ಆಗಷ್ಟೇ ಹುಟ್ಟಿದ್ದ ಕ್ವಾಂಟಮ್ ಮೆಕ್ಯಾನಿಕ್ಸ್ ಹಿಡಿದು ಅದಕ್ಕೆ ಕಾರಣ ಕೊಟ್ಟರು. ಎಲೆಕ್ಟ್ರಾನ್ ದಾಟುವ ಸಾಧ್ಯತೆ e ಎಂಬ ಸಂಖ್ಯೆಯ (ಸುಮಾರು 2.718) ಋಣ ಘಾತವಾಗಿ ಬರುತ್ತದೆ. ಸೂತ್ರದ ಜೀವ ಇರುವುದು ಆ ಘಾತದಲ್ಲಿ: 6.83 ಗುಣಿಸು ವರ್ಕ್ ಫಂಕ್ಷನ್ನಿನ ಒಂದೂವರೆ ಘಾತ, ಭಾಗಿಸು ಕ್ಷೇತ್ರ. ಕ್ಷೇತ್ರವನ್ನು ಇಲ್ಲಿ ನ್ಯಾನೋಮೀಟರಿಗೆ ಇಷ್ಟು ವೋಲ್ಟ್ ಎಂದು ಹಾಕಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ವರ್ಕ್ ಫಂಕ್ಷನ್ 4.5, ಕ್ಷೇತ್ರವೂ ನ್ಯಾನೋಮೀಟರಿಗೆ 4.5 ವೋಲ್ಟ್ ಅಂದುಕೊಳ್ಳಿ. ಗೋಡೆಯ ದಪ್ಪ 1 ನ್ಯಾನೋಮೀಟರ್. ಘಾತ ಸುಮಾರು 14.5. ಅಂದರೆ ಎರಡು ದಶಲಕ್ಷ ಸಲ ಡಿಕ್ಕಿ ಹೊಡೆದರೆ ಒಂದು ಸಲ ದಾಟುತ್ತದೆ. ಎಲೆಕ್ಟ್ರಾನುಗಳು ಬೇಕಾದಷ್ಟಿವೆ, ಪರವಾಗಿಲ್ಲ, ಕರೆಂಟು ಸಿಗುತ್ತದೆ. (ಎಲೆಕ್ಟ್ರಾನ್ ಹೊರಡುವಾಗ ಲೋಹದಲ್ಲಿ ಅದರ ಪ್ರತಿಬಿಂಬದಂಥ ಧನ ಆವೇಶ ಹುಟ್ಟುತ್ತದೆ. ಅದರಿಂದ ಗೋಡೆಯ ತಲೆ ಇನ್ನಷ್ಟು ತಗ್ಗುತ್ತದೆ. ಅದನ್ನೂ ಸೇರಿಸಿದರೆ ಈ ಲೆಕ್ಕಕ್ಕೆ ಕರೆಂಟು ಸುಮಾರು 250 ಪಟ್ಟು ಜಾಸ್ತಿ ಬರುತ್ತದೆ. ಈ ತಿದ್ದುಪಡಿಯ ಸರಿಯಾದ ರೂಪವನ್ನು ಮರ್ಫಿ ಮತ್ತು ಗುಡ್ 1956ರಲ್ಲೇ ಕೊಟ್ಟರು. ಇವತ್ತಿಗೂ ಅರ್ಧಕ್ಕರ್ಧ ಜನ 1928ರ ಸರಳ ಸೂತ್ರವನ್ನೇ ಹಾಕಿ ಮುಗಿಸುತ್ತಾರೆ. ನೀವು ಹಾಗೆ ಮಾಡಬೇಡಿ.)

ಈಗ ನಿಮ್ಮ ಫಿಲ್ಮಿನ ಅಂಕಿ ಹಾಕಿ. ಮೈಕ್ರಾನಿಗೆ 10 ವೋಲ್ಟ್ ಅಂದರೆ ನ್ಯಾನೋಮೀಟರಿಗೆ 0.01 ವೋಲ್ಟ್. ಗೋಡೆಯ ದಪ್ಪ 450 ನ್ಯಾನೋಮೀಟರ್. ಘಾತ 6,500. ಉತ್ತರ ಬರೆಯಲು ಕೂತರೆ ದಶಮಾಂಶ ಬಿಂದುವಿನ ನಂತರ 2,800ಕ್ಕೂ ಹೆಚ್ಚು ಸೊನ್ನೆ ಹಾಕಿ ಆಮೇಲೆ ಒಂದು ಅಂಕಿ ಬರೆಯಬೇಕು. ವಿಶ್ವ ಹುಟ್ಟಿದಾಗಿನಿಂದ ಕಾದಿದ್ದರೂ ಒಂದು ಎಲೆಕ್ಟ್ರಾನ್ ಬರುತ್ತಿರಲಿಲ್ಲ. ಆದರೂ ನಿರ್ವಾತದ ಚೇಂಬರಿನಲ್ಲಿ ಮೈಕ್ರೋಆಂಪಿಯರ್ ಗಟ್ಟಲೆ ಬರುತ್ತಿದೆ. ಅಂದಮೇಲೆ ನಾವು ಸೂತ್ರಕ್ಕೆ ಹಾಕಿದ ಅಂಕಿಯಲ್ಲೇ ಏನೋ ತಪ್ಪಿದೆ. ವರ್ಕ್ ಫಂಕ್ಷನ್ ತಪ್ಪೋ, ಕ್ಷೇತ್ರ ತಪ್ಪೋ, ಇಲ್ಲ ಎಲೆಕ್ಟ್ರಾನ್ ಹೊರಡುವ ಜಾಗವೇ ಬೇರೆಯೋ. ನೀವು ಓದಿದ ಥಿಯರಿಗಳೆಲ್ಲ ಈ ಮೂರರಲ್ಲಿ ಒಂದನ್ನು ಹಿಡಿದುಕೊಂಡಿವೆ.

ವರ್ಕ್ ಫಂಕ್ಷನ್ ತಪ್ಪು ಎನ್ನುವುದನ್ನು ಮೊದಲು ಮುಗಿಸಿಬಿಡೋಣ, ಅದು ಸುಲಭ. ಫಿಲ್ಮ್ ಚಪ್ಪಟೆಯಾಗಿದೆ, ಆದ್ದರಿಂದ ಕ್ಷೇತ್ರ ಎಂದರೆ ವೋಲ್ಟೇಜ್ ಭಾಗಿಸು ಅಂತರ, ಅಷ್ಟೇ ಎಂದುಕೊಂಡು ಗ್ರಾಫಿನ ಇಳಿಜಾರಿನಿಂದ ವರ್ಕ್ ಫಂಕ್ಷನ್ ತೆಗೆದವರು ಇದ್ದಾರೆ. ಅವರಿಗೆ 0.05 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನ ಉತ್ತರ ಬಂದಿದೆ. ಅದನ್ನು ನೋಡಿ 'ಅದ್ಭುತ ವಸ್ತು ಸಿಕ್ಕಿತು' ಎಂದು ಸಂಭ್ರಮಿಸಿದ್ದೂ ಇದೆ. ಸ್ವಲ್ಪ ನಿಧಾನ ಮಾಡಿ ಯೋಚಿಸಿ. ಸಾಮಾನ್ಯ ತಾಪದಲ್ಲಿ ಎಲೆಕ್ಟ್ರಾನಿನ ಶಾಖದ ಶಕ್ತಿಯೇ ಸುಮಾರು 0.025 ಎಲೆಕ್ಟ್ರಾನ್ ವೋಲ್ಟ್. ಗುಡ್ಡದ ಎತ್ತರ ಅದರ ಎರಡು ಪಟ್ಟು ಮಾತ್ರ ಇದ್ದಿದ್ದರೆ ಕ್ಷೇತ್ರವೇ ಬೇಕಿರಲಿಲ್ಲ. ರಿಚರ್ಡ್‌ಸನ್ ಸೂತ್ರಕ್ಕೆ (ಕಾದ ಲೋಹ ಎಷ್ಟು ಕರೆಂಟು ಬಿಡುತ್ತದೆ ಎಂದು ಹೇಳುವುದು) ಹಾಕಿ ನೋಡಿ: ಕೋಣೆಯ ತಾಪದಲ್ಲೇ ಚದರ ಸೆಂಟಿಮೀಟರಿಗೆ ಹತ್ತು ಲಕ್ಷ ಆಂಪಿಯರಿಗೂ ಜಾಸ್ತಿ ಬರಬೇಕು. ಜಗತ್ತಿನ ಅತಿ ಕಡಿಮೆ ವರ್ಕ್ ಫಂಕ್ಷನ್ನಿನ ಲೋಹಗಳಲ್ಲಿ ಒಂದಾದ ಸೀಸಿಯಮ್ಮಿಗೇ ಎರಡಕ್ಕಿಂತ ತುಸು ಜಾಸ್ತಿ ಇದೆ. ಇದು ವಸ್ತುವಿನ ಗುಣ ಅಲ್ಲ, ಲೆಕ್ಕದ ಎಡವಟ್ಟು. ವರ್ಕ್ ಫಂಕ್ಷನ್ 5 ಇದ್ದು, ಕ್ಷೇತ್ರ ಎಲ್ಲೋ ಒಂದು ಕಡೆ ಸಾವಿರ ಪಟ್ಟು ಹೆಚ್ಚಿದ್ದರೂ ಗ್ರಾಫಿನಲ್ಲಿ ಅದೇ ಇಳಿಜಾರು ಬರುತ್ತದೆ.

ಹಾಗಾದರೆ ಕ್ಷೇತ್ರ ಒಂದೊಂದು ಕಡೆ ಅಷ್ಟು ಹೆಚ್ಚಲು ಸಾಧ್ಯವೇ? ಸಾಧ್ಯ. ಚೂಪಾದ ಕಡೆ ಕ್ಷೇತ್ರ ಗುಂಪುಗೂಡುತ್ತದೆ. ಗುಡ್ಡದ ನೆತ್ತಿಯ ಒಂಟಿ ಮರಕ್ಕೆ ಸಿಡಿಲು ಬಡಿಯುವುದನ್ನು ನಾವು ಪ್ರತಿ ಮಳೆಗಾಲದ ಮುಂಚೆ ನೋಡುತ್ತೇವೆ. ಒರಟು ಲೆಕ್ಕ ಹೀಗೆ: ಮೊನೆಯ ಎತ್ತರವನ್ನು ಅದರ ತುದಿಯ ತ್ರಿಜ್ಯದಿಂದ ಭಾಗಿಸಿ, ಕ್ಷೇತ್ರ ಹೆಚ್ಚುಕಡಿಮೆ ಅಷ್ಟು ಪಟ್ಟು ಏರುತ್ತದೆ. ಇದನ್ನು ಬೀಟಾ ಎನ್ನುತ್ತಾರೆ. 1 ಮೈಕ್ರಾನ್ ಎತ್ತರ, 1 ನ್ಯಾನೋಮೀಟರ್ ತ್ರಿಜ್ಯ ಇದ್ದರೆ ಬೀಟಾ ಸಾವಿರದ ಆಸುಪಾಸು. ಕಾರ್ಬನ್ ನ್ಯಾನೋಟ್ಯೂಬ್ ಎಂದರೆ ಇದೇ ಆಕಾರ ತಾನೇ? 1995ರಲ್ಲಿ ಅವುಗಳಿಂದ ಫೀಲ್ಡ್ ಎಮಿಷನ್ ತೋರಿಸಿದಾಗ ಥಿಯರಿಯವರಿಗೆ ತಲೆನೋವೇ ಇರಲಿಲ್ಲ. ಷಾಟ್ಕಿ 1923ರಷ್ಟು ಹಿಂದೆಯೇ ಇನ್ನೊಂದು ವಿಷಯ ಊಹಿಸಿದ್ದರು. ಉಬ್ಬಿನ ಮೇಲೆ ಇನ್ನೊಂದು ಸಣ್ಣ ಉಬ್ಬು ಇದ್ದರೆ ಎರಡರ ಬೀಟಾ ಕೂಡುವುದಿಲ್ಲ, ಗುಣಿಸುತ್ತದೆ. ಕೊಡಚಾದ್ರಿಯ ತುದಿಯಲ್ಲಿ ಛತ್ರಿ ಬಿಚ್ಚಿ ನಿಂತವನ ಪಾಡು ಅನ್ನಿ. ಮೂವತ್ತರ ಮೇಲೆ ಹತ್ತು ಕೂತರೆ ನಲವತ್ತಲ್ಲ, ಮುನ್ನೂರು.

ಇಲ್ಲೊಂದು ಗೊಂದಲ ನಿವಾರಿಸಬೇಕು. ಸ್ಪಿಂಟ್ 1968ರಲ್ಲಿ ಮಾಡಿದ ಕ್ಯಾಥೋಡನ್ನೂ (ಎಲೆಕ್ಟ್ರಾನ್ ಬಿಡುವ ಎಲೆಕ್ಟ್ರೋಡ್) 'ತೆಳು ಪದರದ ಕ್ಯಾಥೋಡ್' ಎಂದೇ ಕರೆಯುತ್ತಾರೆ. ಅಲ್ಲಿ ತೆಳು ಪದರ ಹಚ್ಚುವ ವಿಧಾನದಿಂದ ಮಾಲಿಬ್ಡಿನಮ್ಮಿನ ಪುಟ್ಟ ಪುಟ್ಟ ಶಂಕುಗಳನ್ನು ಕಟ್ಟಿದರು. ಎಲೆಕ್ಟ್ರಾನ್ ಬರುವುದು ಶಂಕುವಿನ ಮೊನೆಯಿಂದ. ನಿಮ್ಮ ಪ್ರಾಜೆಕ್ಟಿನ ಒಗಟಿಗೂ ಅದಕ್ಕೂ ಸಂಬಂಧ ಕಡಿಮೆ.

ಒಗಟು ಶುರುವಾಗುವುದು ಮೊನೆ ಇಲ್ಲದ ಕಡೆ. ವಜ್ರದಂಥ ಗಟ್ಟಿ ಅಮಾರ್ಫಸ್ (ಪರಮಾಣುಗಳು ಕ್ರಮವಿಲ್ಲದೆ ಕೂತ) ಕಾರ್ಬನ್ ಫಿಲ್ಮನ್ನು ಎಎಫ್ಎಂ (ಮೇಲ್ಮೈಯನ್ನು ಸೂಜಿಯಿಂದ ತಡವಿ ಏರುತಗ್ಗು ಅಳೆಯುವ ಸೂಕ್ಷ್ಮದರ್ಶಕ) ಕೆಳಗೆ ಇಟ್ಟರೆ ಏರುತಗ್ಗು ಒಂದು ನ್ಯಾನೋಮೀಟರ್ ಕೂಡ ಇರುವುದಿಲ್ಲ. ಕೆಂಪು ಗಾರೆ ತಿಕ್ಕಿ ತಿಕ್ಕಿ ನುಣುಪು ಮಾಡಿದ ಹಳೇ ಮನೆಯ ಜಗಲಿ ಹಾಗೆ. ಅಂಥ ಮೇಲ್ಮೈಗೆ ಬೀಟಾ ಒಂದರ ಹತ್ತಿರ ಇರಬೇಕು. ಆದರೂ ಮೈಕ್ರಾನಿಗೆ 10–20 ವೋಲ್ಟಿಗೇ ಕರೆಂಟು. 1990ರ ದಶಕದಲ್ಲಿ ಎಷ್ಟೋ ಜನ ಒಳ್ಳೆಯ ಭೌತವಿಜ್ಞಾನಿಗಳು ತಲೆ ಕೆರೆದುಕೊಂಡದ್ದು ಇದಕ್ಕೇ.

ಆಗ ಬಂದ ಮೊದಲ ದೊಡ್ಡ ಆಸೆ ವಜ್ರ. ಇದರ ಕಥೆ ಸ್ವಲ್ಪ ಉದ್ದ, ಹೇಳಲೇಬೇಕು. ಹಿಂಪ್ಸೆಲ್ ಮತ್ತು ಸಂಗಡಿಗರು 1979ರಲ್ಲಿ ವಜ್ರದ ಒಂದು ಮುಖಕ್ಕೆ ಎಲೆಕ್ಟ್ರಾನ್ ಅಫಿನಿಟಿ ಋಣಾತ್ಮಕ ಎಂದು ತೋರಿಸಿದರು. ಮೇಲ್ಮೈ ಹೈಡ್ರೋಜನ್ ಹೊದ್ದುಕೊಂಡಿದ್ದರೆ ಹೀಗಾಗುತ್ತದೆ. ಅರ್ಥ ಇಷ್ಟು: ವಜ್ರದ ಕಂಡಕ್ಷನ್ ಬ್ಯಾಂಡಿನ (ಎಲೆಕ್ಟ್ರಾನ್ ಸ್ವತಂತ್ರವಾಗಿ ಓಡಾಡಬಲ್ಲ ಶಕ್ತಿಯ ಮಟ್ಟಗಳ) ತಳವೇ ಹೊರಗಿನ ನಿರ್ವಾತದ ಮಟ್ಟಕ್ಕಿಂತ ಎತ್ತರದಲ್ಲಿದೆ. ಅಲ್ಲಿಗೆ ಬಂದ ಎಲೆಕ್ಟ್ರಾನಿಗೆ ಗುಡ್ಡವೇ ಇಲ್ಲ, ಬರೀ ಇಳಿಜಾರು. ಜೋಗದ ಹಾಗೆ. ನೀರು ಬಂಡೆಯ ಅಂಚಿಗೆ ಬಂದರೆ ಸಾಕು, 253 ಮೀಟರ್ ಬೀಳುವುದನ್ನು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 1991ರಲ್ಲಿ ವಜ್ರದ ಫಿಲ್ಮಿನಿಂದ ಕಡಿಮೆ ಕ್ಷೇತ್ರಕ್ಕೇ ಎಲೆಕ್ಟ್ರಾನ್ ಬಂದ ವರದಿ ಪ್ರಕಟವಾದಾಗ ಎಲ್ಲರೂ 'ಇದೇ ಕಾರಣ' ಎಂದರು.

ಆದರೆ ನೀವು ಏಪ್ರಿಲ್ ತಿಂಗಳಲ್ಲಿ ಜೋಗಕ್ಕೆ ಹೋಗಿದ್ದೀರಾ? ಬಂಡೆ ಇದೆ, ಅಂಚು ಇದೆ, ನೀರಿಲ್ಲ. ನೀರು ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿದೆ. ವಜ್ರದ ಸ್ಥಿತಿಯೂ ಅದೇ. ಅದರ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಆ ಬ್ಯಾಂಡಿಗೆ ಏರಲು ಬೇಕಾದ ಶಕ್ತಿ, 5.5 ಎಲೆಕ್ಟ್ರಾನ್ ವೋಲ್ಟ್. ಕಂಡಕ್ಷನ್ ಬ್ಯಾಂಡಿನಲ್ಲಿ ತನ್ನಷ್ಟಕ್ಕೆ ಒಂದು ಎಲೆಕ್ಟ್ರಾನೂ ಇರುವುದಿಲ್ಲ. ಬೋರಾನ್ ಬೆರೆಸುವುದು ಸುಲಭ, ಆದರೆ ಅದು ಕೊಡುವುದು ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳಾದ ಹೋಲ್‌ಗಳನ್ನು. ಎಲೆಕ್ಟ್ರಾನ್ ಬೇಕೆಂದು ನೈಟ್ರೋಜನ್ ಬೆರೆಸಿದರೆ ಅದರ ಮಟ್ಟ 1.7 ಎಲೆಕ್ಟ್ರಾನ್ ವೋಲ್ಟ್ ಆಳದಲ್ಲಿದೆ, ಕೋಣೆಯ ತಾಪದಲ್ಲಿ ಮೇಲೆ ಬರುವುದಿಲ್ಲ. ಹಾಗಾಗಿ ಹೊರಗೆ ಬೀಳುವುದು ಕಷ್ಟವೇ ಅಲ್ಲ. ಹಿಂಬದಿಯ ಲೋಹದಿಂದ ವಜ್ರದೊಳಕ್ಕೆ ಎಲೆಕ್ಟ್ರಾನನ್ನು ಹತ್ತಿಸುವುದೇ ಕಷ್ಟ. ಗುಡ್ಡ ಇಲ್ಲ ಎಂದುಕೊಂಡದ್ದು, ನೋಡಿದರೆ ಮನೆ ಮುಂದಿನಿಂದ ಹಿತ್ತಿಲಿಗೆ ಹೋಗಿ ಕೂತಿದೆ.

ಅದಕ್ಕೊಂದು ಉಪಾಯ ಸೂಚಿಸಿದವರು ಗೀಸ್ ಮತ್ತು ತಂಡ, 1998ರಲ್ಲಿ. ಲೋಹ, ವಜ್ರ, ನಿರ್ವಾತ ಮೂರೂ ಸೇರುವ ಗೆರೆ ಇರುತ್ತದಲ್ಲ, ಎಲೆಕ್ಟ್ರಾನ್ ಅಲ್ಲಿ ಲೋಹದಿಂದ ವಜ್ರದ ಮೇಲ್ಮೈಗೆ ಟನೆಲ್ ಆಗಿ ದಾಟುತ್ತದೆ, ಮೇಲ್ಮೈಯುದ್ದಕ್ಕೂ ಓಡಿ ಹೊರಬೀಳುತ್ತದೆ ಎಂದರು. ನನಗೆ ಈ ಥಿಯರಿ ಇಷ್ಟ. ಕೆಲವು ಮಾದರಿಗಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ನಿಮ್ಮದು ಅಮಾರ್ಫಸ್ ಕಾರ್ಬನ್ ಆದರೆ ಇದನ್ನು ಎಳೆದು ತರಬೇಡಿ. ಅದರ ಬ್ಯಾಂಡ್ ಗ್ಯಾಪ್ ವಜ್ರಕ್ಕಿಂತ ಬಹಳ ಕಡಿಮೆ, ಅಫಿನಿಟಿ ಧನಾತ್ಮಕ. ಹೆಸರಿನಲ್ಲಿ 'ವಜ್ರದಂಥ' ಎಂದಿದ್ದ ಮಾತ್ರಕ್ಕೆ ವಜ್ರದ ಗುಣ ಎಲ್ಲಾ ಬರುವುದಿಲ್ಲ.

ಎರಡನೇ ಗುಂಪಿನವರು ಫಿಲ್ಮಿನ ಒಳಗೇ ನೋಡಿದರು. ಅಮರತುಂಗ ಮತ್ತು ಸಿಲ್ವಾ 1996ರಲ್ಲಿ ನೈಟ್ರೋಜನ್ ಬೆರೆತ ಅಮಾರ್ಫಸ್ ಕಾರ್ಬನ್ ಫಿಲ್ಮುಗಳ ಬಗ್ಗೆ ಬರೆದರು. ಅವರ ಚಿತ್ರದಲ್ಲಿ ಫಿಲ್ಮಿನೊಳಗೆ ಆವೇಶ ತುಂಬಿದ ಒಂದು ಪದರ ಹುಟ್ಟುತ್ತದೆ, ಬ್ಯಾಂಡುಗಳು ಬಾಗುತ್ತವೆ. ಆ ಇಳಿಜಾರಿನಲ್ಲಿ ಎಲೆಕ್ಟ್ರಾನ್ ವೇಗ ಪಡೆದು 'ಬಿಸಿ'ಯಾಗುತ್ತದೆ. ಮೇಲ್ಮೈ ತಲುಪುವಾಗ ಉಳಿದ ಗುಡ್ಡ ಹಾರುವಷ್ಟು ಓಟ ಇರುತ್ತದೆ. ಫಿಲ್ಮಿನ ದಪ್ಪ ಬದಲಿಸಿದರೆ ಉತ್ಸರ್ಜನೆ ಬದಲಾಗುವುದನ್ನು ಇದು ವಿವರಿಸುತ್ತದೆ. ನನ್ನ ತಕರಾರು ಒಂದೇ. ಅಮಾರ್ಫಸ್ ಎಂದರೆ ಅಂಕುಡೊಂಕು ಜಾಲ. ಎಲೆಕ್ಟ್ರಾನ್ ಕೆಲವು ನ್ಯಾನೋಮೀಟರ್ ಹೋಗುವಷ್ಟರಲ್ಲಿ ಡಿಕ್ಕಿ ಹೊಡೆದು ಗಳಿಸಿದ್ದನ್ನು ಕಳೆದುಕೊಳ್ಳುತ್ತದೆ. ಬೈಕಿನಲ್ಲಿ ಹುಲಿಕಲ್ ಘಾಟಿ ಇಳಿಯುವವನಿಗೆ ಇಳಿಜಾರು ಎಷ್ಟಿದ್ದರೂ ತಿರುವು ತಿರುವಿಗೆ ಬ್ರೇಕು ಹಾಕಲೇಬೇಕಲ್ಲ, ಹಾಗೆ. ಪದರ ಬಹಳ ತೆಳ್ಳಗಿದ್ದರೆ ಮಾತು ಬೇರೆ. ಬಿನ್ ಮತ್ತು ಅಡೆಸ್ಸಿ 2000ದಲ್ಲಿ ಪ್ಲಾಟಿನಮ್ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಟೈಟೇನಿಯಮ್ ಡೈಆಕ್ಸೈಡ್ ಹಚ್ಚಿ ತೋರಿಸಿದ್ದು ಇಂಥದ್ದೇ. ಪದರದೊಳಗೆ ಸೇರಿದ ಆವೇಶವೇ ಮೇಲ್ಮೈಯ ತಡೆಯನ್ನು ಇಳಿಸುತ್ತದೆ ಎಂಬುದು ಅವರ ವಾದ.

ಒಳಗಿನ ಆವೇಶ ಎಂದಾಗ ನೆನಪಾಯಿತು, ಇದು ಹೊಸ ವಿಚಾರವೇನಲ್ಲ. 1936ರಲ್ಲಿ ಲೂಯಿಸ್ ಮಾಲ್ಟರ್ ಅಲ್ಯೂಮಿನಿಯಮ್ ಆಕ್ಸೈಡಿನ ತೆಳು ಪದರಕ್ಕೆ ಸೀಸಿಯಮ್ ಹಚ್ಚಿ ಅದರ ಮೇಲೆ ಎಲೆಕ್ಟ್ರಾನ್ ಕಿರಣ ಬಿಟ್ಟರು. ಕಿರಣ ನಿಲ್ಲಿಸಿದ ಮೇಲೂ ಎಲೆಕ್ಟ್ರಾನ್ ಬರುತ್ತಲೇ ಇತ್ತು! ಮೇಲ್ಮೈಯಲ್ಲಿ ಧನ ಆವೇಶ ಉಳಿದುಕೊಂಡಿತ್ತು. ತೆಳು ಆಕ್ಸೈಡಿನ ಆಚೆ ಈಚೆ ಅದು ದೊಡ್ಡ ಕ್ಷೇತ್ರ ಹುಟ್ಟಿಸಿ ಕೆಳಗಿನ ಲೋಹದಿಂದ ಎಲೆಕ್ಟ್ರಾನುಗಳನ್ನು ಎಳೆಯುತ್ತಿತ್ತು. ಹೊರಗೆ ಕೊಟ್ಟ ವೋಲ್ಟೇಜಿಗೂ ಎಲೆಕ್ಟ್ರಾನ್ ನಿಜವಾಗಿ ಕಾಣುವ ಕ್ಷೇತ್ರಕ್ಕೂ ಸಂಬಂಧವೇ ಇಲ್ಲದಿರಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ನಾನು ನಂಬುವ ಉತ್ತರಕ್ಕೆ ಬರುತ್ತೇನೆ.

ಜುಲೈನಲ್ಲಿ ಜಡಿಮಳೆ ಹಿಡಿದಾಗ ನಮ್ಮ ಕಡೆ ಮನೆಯೊಳಗೇ ಜಲ ಏಳುತ್ತದೆ. ನಿಮಗೆ ಹೇಳಬೇಕಿಲ್ಲ. ಹಿಂದಿನ ಧರೆ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ) ಇಡೀ ನೆನೆದಿರುತ್ತದೆ, ಆದರೆ ಒರತೆ ಒಡೆಯುವುದು ಎಲ್ಲೋ ನಾಲ್ಕು ಕಡೆ. ಧರೆ ಹೊರಗಿನಿಂದ ಒಂದೇ ಸಮ ಕಾಣುತ್ತದೆ. ಒಳಗೆ ಜಂಬಿಟ್ಟಿಗೆಯ ಗಟ್ಟಿ ಭಾಗ ಇದೆ, ಪೊಳ್ಳು ಇದೆ, ಹಳೇ ಬೇರು ಕೊಳೆತು ಉಳಿದ ಕೊಳವೆ ಇದೆ. ನೀರಿಗೆ ಅದೆಲ್ಲ ಗೊತ್ತು. ಕಾರ್ಬನ್ ಫಿಲ್ಮ್ ಇದೇ ತರ. ಅದರಲ್ಲಿ ವಜ್ರದ ಹಾಗೆ ಜೋಡಣೆಯಾದ ಕಾರ್ಬನ್ ಇದೆ, ಅದು ನಿರೋಧಕ. ನಡುನಡುವೆ ಗ್ರಾಫೈಟಿನ ಹಾಗೆ ಜೋಡಣೆಯಾದ ನ್ಯಾನೋಮೀಟರ್ ಗಾತ್ರದ ಗೊಂಚಲುಗಳಿವೆ, ಅವು ವಾಹಕ. ಎಎಫ್ಎಂ ಮೇಲಿನ ನುಣುಪನ್ನು ಮಾತ್ರ ಮುಟ್ಟಿ ನೋಡುತ್ತದೆ. ಈ ಒಳಗಿನ ಕಸೂತಿ ಅದಕ್ಕೆ ಕಾಣುವುದಿಲ್ಲ.

ವಾಹಕ ಗೊಂಚಲುಗಳು ಒಂದರ ಮೇಲೊಂದು ಸರಪಳಿಯಾಗಿ ಕೂತರೆ ಏನಾಗುತ್ತದೆ? ಫಿಲ್ಮಿನ ದಪ್ಪ 100 ನ್ಯಾನೋಮೀಟರ್, ಸರಪಳಿಯ ತ್ರಿಜ್ಯ 1 ನ್ಯಾನೋಮೀಟರ್ ಅನ್ನಿ. ನಿರೋಧಕದೊಳಗೆ ಹುದುಗಿದ ಸೂಜಿ ಅದು. ಹೊರಗೆ ಚಾಚಿಲ್ಲ, ಆದರೂ ಅದರ ತುದಿಯಲ್ಲಿ ಕ್ಷೇತ್ರ ನೂರು ಪಟ್ಟಿನ ಆಸುಪಾಸಿಗೆ ಏರಬಹುದು. ತುದಿಯಲ್ಲಿ ಇನ್ನೊಂದು ಪುಟ್ಟ ಉಬ್ಬು ಇದ್ದರೆ ಷಾಟ್ಕಿ ಹೇಳಿದ ಗುಣಾಕಾರ ಸೇರಿಕೊಳ್ಳುತ್ತದೆ. ಮೈಕ್ರಾನಿಗೆ 20 ವೋಲ್ಟ್ ಕೊಟ್ಟರೆ ತುದಿಯಲ್ಲಿ ನ್ಯಾನೋಮೀಟರಿಗೆ 2 ವೋಲ್ಟ್ ದಾಟುವುದು ಅಸಾಧ್ಯವೇನಲ್ಲ. ಅಲ್ಲಿಂದಾಚೆ ಹಳೇ ಫೌಲರ್–ನಾರ್ಡ್‌ಹೈಮ್ ತಾನೇ ಕೆಲಸ ಮಾಡುತ್ತದೆ. ರಿಚರ್ಡ್ ಫೋರ್ಬ್ಸ್ 2001ರಲ್ಲಿ ಈ ವಾದವನ್ನು ಕಾರ್ಬನ್ ಫಿಲ್ಮುಗಳಿಗೆ ಮಾತ್ರವಲ್ಲ, ನ್ಯಾನೋ ಮಟ್ಟದಲ್ಲಿ ಕಲಬೆರಕೆಯಾದ ಎಲ್ಲ ವಸ್ತುಗಳಿಗೂ ವಿಸ್ತರಿಸಿ ಬರೆದರು. ಅದಕ್ಕೂ ಮೊದಲೇ ಲೇಥಮ್ ಮತ್ತು ಅವರ ಜೊತೆಗಾರರು ಹೈ ವೋಲ್ಟೇಜ್ ಉಪಕರಣಗಳ ಲೋಹದ ಎಲೆಕ್ಟ್ರೋಡುಗಳ ಮೇಲೆ ಇದರ ಅಣ್ಣತಮ್ಮಂದಿರನ್ನು ಕಂಡಿದ್ದರು. ಆಕ್ಸೈಡ್ ಮೇಲೆ ಕೂತ ಗ್ರಾಫೈಟ್ ಕಣ ಆಂಟೆನಾ ಹಾಗೆ ಕ್ಷೇತ್ರವನ್ನು ಒಟ್ಟುಗೂಡಿಸುತ್ತದೆ ಎಂದಿದ್ದರು. ಚೆನ್ನಾಗಿ ಪಾಲಿಶ್ ಮಾಡಿದ ಲೋಹವೂ ನಿರ್ವಾತದಲ್ಲಿ ಮೈಕ್ರಾನಿಗೆ ಹತ್ತಿಪ್ಪತ್ತು ವೋಲ್ಟಿಗೇ ಕರೆಂಟು ಸೋರಿಸುತ್ತದೆ ಎಂದು ಹೈ ವೋಲ್ಟೇಜ್ ಎಂಜಿನಿಯರುಗಳಿಗೆ ದಶಕಗಳಿಂದ ಗೊತ್ತಿತ್ತು. ಕಾರ್ಬನ್ನಿನವರು ಅವರನ್ನು ಒಮ್ಮೆ ಕೇಳಿದ್ದರೆ ಎಷ್ಟೋ ವರ್ಷ ಉಳಿಯುತ್ತಿತ್ತು ಅನ್ನಿಸುತ್ತದೆ.

ಇದನ್ನೇ ಯಾಕೆ ನಂಬುತ್ತೇನೆ? ಮೊದಲನೆಯದು, ಕಣ್ಣಿಗೆ ಕಾಣುವ ಸಾಕ್ಷಿ. ಆನೋಡಿಗೆ (ಎದುರಿನ ಧನ ಪ್ಲೇಟಿಗೆ) ಫಾಸ್ಫರ್, ಅಂದರೆ ಎಲೆಕ್ಟ್ರಾನ್ ಬಡಿದರೆ ಬೆಳಗುವ ಪುಡಿ, ಹಚ್ಚಿದ ಗಾಜು ಇಟ್ಟು ಕತ್ತಲೆಯಲ್ಲಿ ನೋಡಿ. ಫಿಲ್ಮ್ ಒಂದೇ ಸಮ ಬೆಳಗುವುದಿಲ್ಲ. ಮಿಣುಕುಹುಳದ ಹಾಗೆ ಅಲ್ಲೊಂದು ಇಲ್ಲೊಂದು ಚುಕ್ಕೆ. ವಸ್ತುವಿನ ವರ್ಕ್ ಫಂಕ್ಷನ್ ಅಥವಾ ಅಫಿನಿಟಿ ಕಾರಣವಾಗಿದ್ದರೆ ಇಡೀ ಮೇಲ್ಮೈ ಬೆಳಗಬೇಕಿತ್ತು.

ಎರಡನೆಯದು, ಮೊದಲ ಸಲದ ನಡವಳಿಕೆ. ಹೊಸ ಫಿಲ್ಮಿಗೆ ವೋಲ್ಟೇಜ್ ಏರಿಸುತ್ತಾ ಹೋದರೆ ಬಹಳ ಹೊತ್ತು ಏನೂ ಬರುವುದಿಲ್ಲ. ಒಂದು ಹಂತದಲ್ಲಿ ದಿಢೀರನೆ ಕರೆಂಟು ಹಾರುತ್ತದೆ. ಎರಡನೇ ಸಲ ಅದೇ ಫಿಲ್ಮು ಮೊದಲಿಗಿಂತ ಎಷ್ಟೋ ಕಡಿಮೆ ವೋಲ್ಟೇಜಿಗೆ ಶುರುಮಾಡುತ್ತದೆ. ಗದ್ದೆಯ ಅಂಚಿನಲ್ಲಿ ಏಡಿ ತೂತು ಬಿದ್ದ ಹಾಗೆ. ಮೊದಲು ನೀರು ನಿಂತಿತ್ತು, ಒಮ್ಮೆ ದಾರಿಯಾದ ಮೇಲೆ ಸ್ವಲ್ಪ ನೀರಿದ್ದರೂ ಅಲ್ಲೇ ಸೋರುತ್ತದೆ. ಫಿಲ್ಮಿನೊಳಗೆ ವಾಹಕ ದಾರಿ ಆಗಲೇ ಹುಟ್ಟಿತು ಎಂದು ಅರ್ಥ. ಕೆಲವು ಸಲ ಸಣ್ಣ ಕಿಡಿ ಹಾರಿ ಮೈಕ್ರಾನ್ ಗಾತ್ರದ ಗುಳಿಯೂ ಬೀಳುತ್ತದೆ, ಅದರ ಅಂಚು ಹರಿತವಾಗಿರುತ್ತದೆ. ಆಗ ಹಳೆಯ ಎಎಫ್ಎಂ ಚಿತ್ರ ತೋರಿಸಿ 'ನನ್ನ ಫಿಲ್ಮ್ ನುಣುಪು' ಎನ್ನುವುದರಲ್ಲಿ ಅರ್ಥವಿಲ್ಲ.

ಮೂರನೆಯದು ಎಲೆಕ್ಟ್ರಾನುಗಳ ಶಕ್ತಿ. ಹೊರಬಂದ ಎಲೆಕ್ಟ್ರಾನ್ ಎಷ್ಟು ಶಕ್ತಿ ಹೊತ್ತು ಬಂತು ಎಂದು ಅಳೆದರೆ ಅದು ಎಲ್ಲಿಂದ ಹೊರಟಿತು ಎಂದು ತಿಳಿಯುತ್ತದೆ. ಲೋಹದ ಫರ್ಮಿ ಮಟ್ಟದ (ಒಳಗೆ ಎಲೆಕ್ಟ್ರಾನುಗಳು ತುಂಬಿ ನಿಂತಿರುವ ಮೇಲಿನ ಅಂಚು) ಬಳಿಯಿಂದ ಟನೆಲ್ ಆಗಿದ್ದರೆ ಶಕ್ತಿಯ ಹರಹು ಕಿರಿದು, ಸುಮಾರು 0.2–0.3 ಎಲೆಕ್ಟ್ರಾನ್ ವೋಲ್ಟ್. ವಜ್ರದ ಕಂಡಕ್ಷನ್ ಬ್ಯಾಂಡಿನಿಂದ ಬಿದ್ದಿದ್ದರೆ ಶಿಖರ ಬೇರೆ ಕಡೆ ಕಾಣುತ್ತದೆ, 'ಬಿಸಿ' ಎಲೆಕ್ಟ್ರಾನುಗಳಾದರೆ ಹರಹು ಅಗಲ. ಹಲವು ಕಾರ್ಬನ್ ಎಮಿಟರುಗಳ ಮೇಲೆ ನಡೆದ ಇಂಥ ಅಳತೆಗಳಲ್ಲಿ ಎಲೆಕ್ಟ್ರಾನ್ ಫರ್ಮಿ ಮಟ್ಟದ ಬಳಿಯಿಂದಲೇ, ವರ್ಕ್ ಫಂಕ್ಷನ್ ಸುಮಾರು 5 ಇರುವ ಸಾಮಾನ್ಯ ಗೋಡೆಯನ್ನೇ ದಾಟಿ ಬಂದದ್ದು ಕಂಡಿದೆ. ಅಂದರೆ ಗೋಡೆ ಮಾಮೂಲು, ಕ್ಷೇತ್ರ ಮಾತ್ರ ಆ ಜಾಗದಲ್ಲಿ ಜಾಸ್ತಿ.

ಈಗ ನಿಮ್ಮ ನೇರ ಗೆರೆಯ ವಿಷಯ. ನೇರ ಗೆರೆ ಬಂದರೆ ಫೀಲ್ಡ್ ಎಮಿಷನ್ ಸಾಬೀತಾಯಿತು ಎಂದು ಎಲ್ಲರೂ ಬರೆಯುತ್ತಾರೆ. ಇಲ್ಲ. ವೋಲ್ಟೇಜಿನ ವ್ಯಾಪ್ತಿ ಚಿಕ್ಕದಿದ್ದರೆ ಏನು ಹಾಕಿದರೂ ಹೆಚ್ಚುಕಡಿಮೆ ನೇರವಾಗೇ ಕಾಣುತ್ತದೆ. ನನಗೆ ಇದು ಗೊತ್ತಾದದ್ದು ಪೆಟ್ಟು ತಿಂದು. ಕೆಲಸ ಕಲಿಯುವ ದಿನಗಳಲ್ಲಿ ಒಂದು ಆಷಾಢದಲ್ಲಿ ನನಗೆ ಅತ್ಯದ್ಭುತ ಫಿಲ್ಮ್ ಸಿಕ್ಕಿತ್ತು. ಮೈಕ್ರಾನಿಗೆ 2 ವೋಲ್ಟಿಗೇ ಕರೆಂಟು, ಗೆರೆ ಕಡ್ಡಿಯ ಹಾಗೆ ನೇರ. ಒಂದು ವಾರ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆಮೇಲೆ ಫಿಲ್ಮನ್ನೇ ತೆಗೆದು ಬರೀ ಲೋಹ ಇಟ್ಟು ಅಳೆದೆ. ಅದೇ ಕರೆಂಟು! ಎರಡು ಪ್ಲೇಟುಗಳ ನಡುವೆ ಇಟ್ಟ ಸ್ಪೇಸರ್ ಮಳೆಗಾಲದ ಥಂಡಿ ಕುಡಿದು ಮೇಲ್ಮೈಯಲ್ಲಿ ಸೋರುತ್ತಿತ್ತು. ನಾನು ಗ್ರಾಫ್ ಬರೆದದ್ದು ಮಲೆನಾಡಿನ ಮಳೆಯದ್ದು. ನೀವೂ ಶಿವಮೊಗ್ಗದಲ್ಲೇ ಇರುವುದರಿಂದ ಹೇಳುತ್ತೇನೆ, ಸ್ಪೇಸರ್ ಮತ್ತು ಸ್ಯಾಂಪಲ್ ಹೋಲ್ಡರನ್ನು ಪ್ರತಿ ಸಲ ಓವನ್ನಿನಲ್ಲಿ ಒಣಗಿಸಿ. ಫಿಲ್ಮ್ ಇಲ್ಲದ ಖಾಲಿ ಅಳತೆಯನ್ನು ಮೊದಲು ಮಾಡಿ. ಮಧ್ಯೆ ಕರೆಂಟು ಹೋಗಿ ಪಂಪು ನಿಂತರೆ ಆ ಅಳತೆಯನ್ನು ಮುಂದುವರಿಸಬೇಡಿ, ಹೊಸದಾಗಿ ಶುರುಮಾಡಿ.

ನೇರ ಗೆರೆಗೆ ಒಂದು ಅಗ್ನಿಪರೀಕ್ಷೆ ಇದೆ. ಫೋರ್ಬ್ಸ್ 2013ರಲ್ಲಿ ಕೊಟ್ಟದ್ದು. ಗೋಡೆಯ ತಲೆ ಪೂರ್ತಿ ಮುಳುಗುವುದಕ್ಕೆ ಬೇಕಾದ ಕ್ಷೇತ್ರ ಎಷ್ಟು ಎಂದು ಮೊದಲು ನೋಡಿ. ವರ್ಕ್ ಫಂಕ್ಷನ್ 4.5 ಇದ್ದರೆ ನ್ಯಾನೋಮೀಟರಿಗೆ ಸುಮಾರು 14 ವೋಲ್ಟ್. ನಿಮ್ಮ ಗ್ರಾಫಿನ ಇಳಿಜಾರಿನಿಂದ ಬಂದ ಸ್ಥಳೀಯ ಕ್ಷೇತ್ರ ಇದರ 0.15ರಿಂದ 0.45ರ ಒಳಗಿದ್ದರೆ ಅಳತೆ ನಂಬಬಹುದು. 0.75 ದಾಟಿದರೆ ಅಲ್ಲಿ ಬೇರೆ ಏನೋ ನಡೆಯುತ್ತಿದೆ: ಫಿಲ್ಮಿನ ರೆಸಿಸ್ಟೆನ್ಸ್ ವೋಲ್ಟೇಜ್ ನುಂಗುತ್ತಿದೆ, ಅಥವಾ ನನ್ನ ಹಾಗೆ ಸ್ಪೇಸರ್ ಸೋರುತ್ತಿದೆ. ಎಷ್ಟೋ ಕಡೆ ಪ್ರಕಟವಾದ ಬೀಟಾ 5,000, 10,000 ಎಂಬ ಅಂಕಿಗಳು ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ. ಲೆಕ್ಕ ಹತ್ತು ನಿಮಿಷದ ಕೆಲಸ, ಸ್ಪ್ರೆಡ್‌ಶೀಟ್ ಸಾಕು.

ಇದರಿಂದ ಟಿವಿ ಮಾಡಲು ಹೊರಟವರ ಕಥೆಯನ್ನೂ ವೈವಾದಲ್ಲಿ ಕೇಳಬಹುದು. ಕ್ಯಾನನ್ ಮತ್ತು ತೋಷಿಬಾ ಸೇರಿ ಪಲ್ಲಾಡಿಯಮ್ ಆಕ್ಸೈಡ್ ತೆಳು ಪದರದಲ್ಲಿ ಕೆಲವು ನ್ಯಾನೋಮೀಟರಿನ ಬಿರುಕು ಮಾಡಿ, ಆ ಬಿರುಕಿನಿಂದ ಎಲೆಕ್ಟ್ರಾನ್ ಎಳೆಯುವ ಪರದೆ ಕಟ್ಟಿದರು. ಚಿತ್ರ ಸೊಗಸಾಗಿತ್ತು. ಅಷ್ಟರಲ್ಲಿ ಎಲ್‌ಸಿಡಿ ಬೆಲೆ ನೆಲ ಕಚ್ಚಿತು. 2010ರಲ್ಲಿ ಕ್ಯಾನನ್ ಆ ಟಿವಿಯನ್ನು ಕೈಬಿಟ್ಟಿತು. ಫೀಲ್ಡ್ ಎಮಿಷನ್ ಇವತ್ತು ನಿಜವಾಗಿ ದುಡಿಯುತ್ತಿರುವುದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಗನ್ನಿನಲ್ಲಿ, ಅಲ್ಲಿ ಇರುವುದು ಚೂಪು ಟಂಗ್‌ಸ್ಟನ್ ಮೊನೆ.

ವೈವಾಕ್ಕೆ: ಒಂದೇ ಥಿಯರಿಯ ಹೆಸರು ಹೇಳಿ ಸಿಕ್ಕಿಹಾಕಿಕೊಳ್ಳಬೇಡಿ. 'ನನ್ನ ಫಿಲ್ಮಿನಲ್ಲಿ ಚುಕ್ಕೆಗಳು ಕಂಡವು, ಮೊದಲ ಸಲ ಮತ್ತು ಎರಡನೇ ಸಲದ ಗ್ರಾಫ್ ಇಷ್ಟು ಬೇರೆ, ವರ್ಕ್ ಫಂಕ್ಷನ್ 5 ಎಂದು ಹಿಡಿದರೆ ಬೀಟಾ ಇಷ್ಟು, ಫೋರ್ಬ್ಸ್ ಪರೀಕ್ಷೆ ಪಾಸಾಗಿದೆ. ಆದ್ದರಿಂದ ಒಳಗಿನ ವಾಹಕ ದಾರಿಗಳಲ್ಲಿ ಕ್ಷೇತ್ರ ಹೆಚ್ಚಿದೆ ಎನ್ನುವುದಕ್ಕೆ ಹೊಂದುತ್ತದೆ' ಎನ್ನಿ. ಎಲೆಕ್ಟ್ರಾನ್ ಶಕ್ತಿ ಅಳೆದಿಲ್ಲವಾದರೆ ಅಳೆದಿಲ್ಲ ಎಂದೇ ಹೇಳಿ. ಮತ್ತೆ, ಹೊಸ ಫಿಲ್ಮಿಗೆ ಮೊಟ್ಟಮೊದಲ ಸಲ ವೋಲ್ಟೇಜ್ ಕೊಡುವಾಗ ಅವಸರ ಮಾಡಬೇಡಿ. ಹತ್ತತ್ತು ವೋಲ್ಟ್ ಏರಿಸಿ, ಪ್ರತಿ ಹೆಜ್ಜೆಯನ್ನೂ ಬರೆದಿಡಿ, ಫಾಸ್ಫರಿನ ಫೋಟೋ ತೆಗೆದಿಡಿ. ಒಮ್ಮೆ ಕರೆಂಟು ಹಾರಿದ ಮೇಲೆ ಆ ಹೊಸ ಫಿಲ್ಮ್ ನಿಮಗೆ ಮತ್ತೆ ಸಿಗುವುದಿಲ್ಲ.